ಹಿಮದ ಕೆಳಗಿನ ಸಮುದ್ರದಾಗ ಜೀವ ಹುಡುಕೋದು ಹೆಂಗ? ಸಾಲಿ ವಸ್ತುಪ್ರದರ್ಶನಕ್ಕ ಮಾಹಿತಿ ಬೇಕ್ರಿ

ಗದಗ_ಸಾಲಿಮಾಸ್ತರ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಒಂಬತ್ತನೇ ಇಯತ್ತೆ ಹುಡುಗ್ರು ಜಿಲ್ಲಾ ವಿಜ್ಞಾನ ವಸ್ತುಪ್ರದರ್ಶನಕ್ಕ ಗುರು ಗ್ರಹದ ಚಂದ್ರ ಯುರೋಪಾ ಮತ್ತ ಶನಿಯ ಚಂದ್ರ ಎನ್ಸೆಲಡಸ್ ವಿಷಯ ಆರಿಸ್ಕೊಂಡಾರ. ಥರ್ಮೊಕೋಲ್ ಚೆಂಡಿಗೆ ಬಣ್ಣ ಬಳದು ಇಡೋದು ಬ್ಯಾಡ, ಕೆಲಸ ಮಾಡೋ ಮಾದರಿ ಬೇಕು ಅಂತ ಹಟ ಹಿಡದಾರ. ನಿರ್ಣಾಯಕರು ಕೇಳೋ ಪ್ರಶ್ನೆ ಇವು:

ಕಣ್ಣಿಗೆ ಕಾಣದ ಸಮುದ್ರ ಅದ ಅಂತ ಹೆಂಗ ಹೇಳ್ತೀರಿ? ಈಗ ಯುರೋಪಾದ ಕಡೆ ಹೊಂಟಿರೋ ನಾಸಾದ ಕ್ಲಿಪ್ಪರ್ ನೌಕೆ ಜೀವ ಹುಡುಕ್ತದೋ ಇಲ್ಲೋ? ಸೀದಾ ತೂತು ಕೊರದು ಒಳಗ ಯಾಕ ಇಳಿಯಂಗಿಲ್ಲ? ಎರಡರಾಗ ಯಾವುದು ಛಲೋ?

ಪತ್ರಿಕೆಯೊಳಗ ಬಂದಿದ್ದು ನಾವೂ ಓದೇವಿ. ಅದಕ್ಕಿಂತ ಒಂದು ಮೆಟ್ಲ ಕೆಳಗ ಇಳದು ಹೇಳ್ರಿ, ಲೆಕ್ಕ ಸಮೇತ.

ಉಣಕಲ್_ದಂಡಿ

ಮೊದಲ ಪ್ರಶ್ನೆ ನಾನು ತಗೋತೀನಿ, ಮಾಸ್ತರ.

ಯುರೋಪಾದ ಸಮುದ್ರಕ್ಕೆ ಮುಖ್ಯ ಸಾಕ್ಷಿ ಫೋಟೊ ಅಲ್ಲ, ಕಾಂತಕ್ಷೇತ್ರ. ಗುರುವಿನ ಕಾಂತ ಅಕ್ಷ ಅದರ ತಿರುಗುವ ಅಕ್ಷಕ್ಕೆ ಸುಮಾರು 10 ಡಿಗ್ರಿ ಓರೆ ಇದೆ. ಗುರು ಹತ್ತು ತಾಸಿನೊಳಗೆ ಒಂದು ಸುತ್ತು ತಿರುಗುತ್ತದೆ, ಯುರೋಪಾ ತನ್ನ ಕಕ್ಷೆಯಲ್ಲಿ ನಿಧಾನವಾಗಿ ಮುಂದೆ ಸಾಗುತ್ತಿರುತ್ತದೆ. ಹೀಗಾಗಿ ಯುರೋಪಾ ಇದ್ದಲ್ಲಿ ಗುರುವಿನ ಕಾಂತಕ್ಷೇತ್ರದ ದಿಕ್ಕು ಸುಮಾರು 11 ತಾಸಿಗೊಮ್ಮೆ ಆಚೆ ಈಚೆ ಹೊಯ್ದಾಡುತ್ತದೆ. ಬದಲಾಗುವ ಕಾಂತಕ್ಷೇತ್ರದೊಳಗೆ ವಾಹಕ ಇಟ್ಟರೆ ಅದರಲ್ಲಿ ವಿದ್ಯುತ್ ಪ್ರೇರಣೆಯಾಗುತ್ತದೆ, ಆ ವಿದ್ಯುತ್ತು ತನ್ನದೇ ಕಾಂತಕ್ಷೇತ್ರ ಹುಟ್ಟಿಸುತ್ತದೆ. ರೈಲ್ವೆ ಸ್ಟೇಶನ್ನಿನ ಬಾಗಿಲಲ್ಲಿರೋ ಲೋಹಶೋಧಕದ ತತ್ವವೇ ಇದು. ಗುರುವನ್ನು ಸುತ್ತಿದ ಗೆಲಿಲಿಯೊ ನೌಕೆಯ ಕಾಂತಮಾಪಕಕ್ಕೆ ಸಿಕ್ಕದ್ದು ಇಂಥ ಪ್ರೇರಿತ ಕ್ಷೇತ್ರ. ಮಾರ್ಗರೆಟ್ ಕಿವೆಲ್ಸನ್ ತಂಡ ಒಂದು ಖಚಿತ ಪರೀಕ್ಷೆ ಇಟ್ಟಿತು: ಇದು ಯುರೋಪಾದ ಸ್ವಂತ ಕಾಂತವಾಗಿದ್ದರೆ ದಿಕ್ಕು ಸ್ಥಿರ ಇರಬೇಕು, ಪ್ರೇರಿತವಾಗಿದ್ದರೆ ಗುರುವಿನ ಕ್ಷೇತ್ರ ಹೊರಳಿದಾಗ ಇದೂ ಹೊರಳಬೇಕು. 2000ರ ಜನವರಿಯಲ್ಲಿ ಹಾದುಹೋದಾಗ ಹೊರಳಿತ್ತು. ಹಿಮಕ್ಕೆ ಅಷ್ಟು ವಾಹಕತ್ವ ಇಲ್ಲ, ಬಂಡೆಗೂ ಇಲ್ಲ, ಮೇಲ್ಮೈಗೆ ಹತ್ತಿರವೇ ವಾಹಕ ಪದರ ಬೇಕು. ಉಳಿದದ್ದು ಉಪ್ಪುನೀರು.

ಒಂದು ತೊಡಕಿದೆ, ಹುಡುಗರಿಗೆ ಇದನ್ನ ಹೇಳಿಕೊಡ್ರಿ, ನಿರ್ಣಾಯಕರು ಸುಮ್ಮನಾಗ್ತಾರೆ. ಒಂದೇ ಆವರ್ತನದಲ್ಲಿ ಅಳೆದರೆ ‘ಆಳ ಕಮ್ಮಿ, ಉಪ್ಪು ಜಾಸ್ತಿ’ ಅನ್ನೋದಕ್ಕೂ ‘ಆಳ ಜಾಸ್ತಿ, ಉಪ್ಪು ಕಮ್ಮಿ’ ಅನ್ನೋದಕ್ಕೂ ಒಂದೇ ಉತ್ತರ ಬರುತ್ತದೆ. ಬಿಡಿಸಬೇಕಂದ್ರೆ ಇನ್ನೊಂದು ಆವರ್ತನ ಬೇಕು. ಅದು ಯುರೋಪಾದ ಕಕ್ಷೆಯ ಅವಧಿ, 3.55 ದಿನ, ಅಂದರೆ 85 ತಾಸು. ಕ್ಲಿಪ್ಪರ್ 8.5 ಮೀಟರ್ ಉದ್ದದ ತೋಳಿನ ಮೇಲೆ ಕಾಂತಮಾಪಕ ಇಟ್ಟುಕೊಂಡು ಹಲವು ಸಲ ಹಾದುಹೋಗುವುದು ಈ ಎರಡೂ ತಾಳವನ್ನು ಬೇರೆ ಬೇರೆ ಹಿಡಿಯೋಕೆ.

ಎನ್ಸೆಲಡಸ್‌ದು ಬೇರೆ ದಾರಿ. ಶನಿಯನ್ನು ಸುತ್ತಿದ ಕ್ಯಾಸಿನಿ ನೌಕೆಯ ಏಳು ವರ್ಷಕ್ಕೂ ಮೇಲಿನ ಫೋಟೊಗಳಲ್ಲಿ ಕುಳಿಗಳ ಜಾಗ ಗುರುತಿಸಿ ನೋಡಿದಾಗ ಅದು ತಿರುಗುವಾಗ 0.12 ಡಿಗ್ರಿ ಅತ್ತಿತ್ತ ತೊನೆಯುವುದು ಕಂಡಿತು. ಸಮಭಾಜಕದಲ್ಲಿ ಇದು ಅರ್ಧ ಕಿಲೋಮೀಟರ್ ಅಷ್ಟೆ. ಆದರೆ ಹಿಮ ಕೆಳಗಿನ ಬಂಡೆಗೆ ಅಂಟಿಕೊಂಡಿದ್ದರೆ ಇಷ್ಟು ತೊನೆಯೋಕೆ ಆಗೋದೇ ಇಲ್ಲ. ಅಂದಮೇಲೆ ಚಿಪ್ಪಿಗೂ ಬಂಡೆಗೂ ನಡುವೆ ಸುತ್ತಲೂ ನೀರು ಇರಲೇಬೇಕು.

ಸಾಧನಕೇರಿ_ಇರುಳು

ಕ್ಲಿಪ್ಪರ್ ಬಗ್ಗೆ: ಅದು ಜೀವ ಹುಡುಕುವ ನೌಕೆ ಅಲ್ಲ. ಜೀವ ಇರಲಿಕ್ಕೆ ತಕ್ಕ ಜಾಗವೋ ಅಲ್ಲವೋ ಅಂತ ನೋಡುವ ನೌಕೆ. ಚಾರ್ಟಿನಲ್ಲಿ ‘ಜೀವ ಹುಡುಕಲು ಹೊರಟ ಕ್ಲಿಪ್ಪರ್’ ಅಂತ ಬರೆಸಬೇಡಿ.

2024ರ ಅಕ್ಟೋಬರ್ 14ರಂದು ಫಾಲ್ಕನ್ ಹೆವಿ ರಾಕೆಟ್ಟಿನಲ್ಲಿ ಹೊರಟಿತು. 2025ರ ಮಾರ್ಚ್ 1ರಂದು ಮಂಗಳನ ಪಕ್ಕ ಹಾದು ವೇಗ ಹೊಂದಿಸಿಕೊಂಡಿತು. 2026ರ ಡಿಸೆಂಬರಿನಲ್ಲಿ ಭೂಮಿಯ ಪಕ್ಕ ಹಾಯಬೇಕು, 2030ರ ಏಪ್ರಿಲ್‌ನಲ್ಲಿ ಗುರುವನ್ನು ತಲುಪಬೇಕು. ಸೌರಫಲಕ ಪೂರ್ತಿ ಬಿಚ್ಚಿದಾಗ 30 ಮೀಟರಿಗಿಂತ ಉದ್ದ, ಯಾಕೆಂದರೆ ಗುರುವಿನ ಹತ್ತಿರ ಬಿಸಿಲು ನಮ್ಮಲ್ಲಿಯ 27ರಲ್ಲಿ ಒಂದು ಪಾಲು.

ನೌಕೆ ಯುರೋಪಾವನ್ನು ಸುತ್ತುವುದಿಲ್ಲ, ಗುರುವನ್ನು ಉದ್ದನೆಯ ಕಕ್ಷೆಯಲ್ಲಿ ಸುತ್ತುತ್ತ ಯುರೋಪಾದ ಪಕ್ಕ 49 ಸಲ ಹಾದುಹೋಗುತ್ತದೆ. ತೀರ ಹತ್ತಿರ ಅಂದರೆ 25 ಕಿ.ಮೀ. ಯುರೋಪಾವನ್ನೇ ಸುತ್ತದಿರಲು ಕಾರಣ ವಿಕಿರಣ. ಯುರೋಪಾದ ಮೇಲ್ಮೈಯಲ್ಲಿ ಮನುಷ್ಯನಿಗೆ ದಿನಕ್ಕೆ 5.4 ಸೀವರ್ಟ್ (ಮೈಗೆ ತಗಲಿದ ವಿಕಿರಣದ ಅಳತೆ) ತಗಲುತ್ತದೆ, ಒಂದೇ ದಿನದ್ದು ಪ್ರಾಣಕ್ಕೆ ಸಾಕು. ಅಲ್ಲೇ ಠಿಕಾಣಿ ಹೂಡಿದರೆ ಎಲೆಕ್ಟ್ರಾನಿಕ್ಸ್ ಕೆಲವೇ ತಿಂಗಳಲ್ಲಿ ಕೆಡುತ್ತದೆ. ಒಳಗೆ ಹೊಕ್ಕು, ಅಳೆದು, ಹೊರಗೆ ಓಡಿಬಂದು ನಿಧಾನವಾಗಿ ಮಾಹಿತಿ ಕಳಿಸುವುದೇ ಲಾಭ.

ಹೊರಡುವ ಕೆಲ ತಿಂಗಳ ಮುಂಚೆ, 2024ರ ಮೇ ತಿಂಗಳಲ್ಲಿ, ನೌಕೆಯಲ್ಲಿ ಹಾಕಿದ್ದ ಮಾಸ್‌ಫೆಟ್ ಟ್ರಾನ್ಸಿಸ್ಟರುಗಳು (ಸಣ್ಣ ವಿದ್ಯುತ್ ಸ್ವಿಚ್ಚುಗಳು) ನಿರೀಕ್ಷೆಗಿಂತ ಕಡಿಮೆ ವಿಕಿರಣಕ್ಕೇ ಕೈಕೊಡುತ್ತವೆ ಅನ್ನೋದು ಗೊತ್ತಾಯಿತು. ಬಿಚ್ಚಿ ಬದಲಿಸುವಷ್ಟು ಸಮಯ ಇರಲಿಲ್ಲ. ಪರೀಕ್ಷೆ ಮಾಡಿ ಕಂಡುಕೊಂಡದ್ದು: ಸುಮಾರು ಮೂರು ವಾರದ ಪ್ರತಿ ಕಕ್ಷೆಯಲ್ಲಿ ತೀವ್ರ ವಿಕಿರಣದ ಒಳಗೆ ಇರೋದು ಒಂದೇ ದಿನದ ಮಟ್ಟಿಗೆ, ಉಳಿದ ದಿನಗಳಲ್ಲಿ ಹದವಾಗಿ ಬೆಚ್ಚಗಿಟ್ಟರೆ ಆ ಟ್ರಾನ್ಸಿಸ್ಟರುಗಳು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ. ಕಕ್ಷೆಯ ಆಕಾರವೇ ಔಷಧ ಆಯಿತು.

ಉಪಕರಣಗಳಲ್ಲಿ ಹುಡುಗರಿಗೆ ಮೂರು ಸಾಕು. ಹಿಮ ತೂರುವ ರೇಡಾರ್ ಎರಡು ಆವರ್ತನದಲ್ಲಿ ಕೆಲಸ ಮಾಡುತ್ತದೆ. 60 ಮೆಗಾಹರ್ಟ್ಸ್‌ನದು ಮೇಲಿನ ಕೆಲ ಕಿಲೋಮೀಟರನ್ನು ಸ್ಪಷ್ಟವಾಗಿ ತೋರಿಸುತ್ತದೆ, 9 ಮೆಗಾಹರ್ಟ್ಸ್‌ನದು ಆಳಕ್ಕೆ ಹೋಗುತ್ತದೆ, ವಿವರ ಕಮ್ಮಿ. ತಣ್ಣಗಿನ ಶುದ್ಧ ಹಿಮದಲ್ಲಿ ರೇಡಿಯೊ ಅಲೆ ಚೆನ್ನಾಗಿ ಇಳಿಯುತ್ತದೆ. ಬೆಚ್ಚಗಿನ, ಉಪ್ಪಿರುವ ಹಿಮ ಅದನ್ನು ಹೀರುತ್ತದೆ. ಸಮುದ್ರಕ್ಕೆ ಹತ್ತಿರವಾದಷ್ಟೂ ಹಿಮ ಬೆಚ್ಚಗಾಗೋದೇ ಕಷ್ಟ. ಇದರ ಮೇಲೆ ಗುರು ತಾನೂ ಅದೇ ಹತ್ತಿಪ್ಪತ್ತು ಮೆಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೊ ಗದ್ದಲ ಎಬ್ಬಿಸುತ್ತಾನೆ, ಹೀಗಾಗಿ ಯುರೋಪಾದ ಗುರು ಕಡೆಯ ಮುಖದಲ್ಲಿ 9 ಮೆಗಾಹರ್ಟ್ಸ್‌ಗೆ ತೊಂದರೆ. ಎರಡನೆಯದು ದೂಳಿನ ಕಣ ಬಡಿದು ಒಡೆದಾಗ ಅದರ ರಾಸಾಯನಿಕ ಓದುವ ಸುಡಾ. ಮೂರನೆಯದು ಅನಿಲ ಓದುವ ಮಾಸ್‌ಪೆಕ್ಸ್.

ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಜ್ಯೂಸ್ ನೌಕೆ 2023ರ ಏಪ್ರಿಲ್ 14ರಂದೇ ಹೊರಟಿದೆ, 2031ರ ಜುಲೈಗೆ ಗುರುವನ್ನು ಮುಟ್ಟುತ್ತದೆ. ಅದರ ಗುರಿ ಗುರುವಿನ ಇನ್ನೊಂದು ಚಂದ್ರ ಗ್ಯಾನಿಮೀಡ್. ಯುರೋಪಾದ ಪಕ್ಕ ಎರಡೇ ಸಲ ಹಾಯುತ್ತದೆ.

ಬ್ಯಾಡಗಿ_ಖಾರ

500 ಕೋಟಿ ಡಾಲರ್ ಖರ್ಚು ಮಾಡಿ, ಆರು ವರ್ಷ ದಾರಿ ಸವೆಸಿ, ಕಡೀಕ ಜೀವ ಅದನೋ ಇಲ್ಲೋ ಹೇಳಂಗಿಲ್ಲ ಅಂದ್ರ ಏನ್ರಿ ಇದು? ಒಂದು ಸೂಕ್ಷ್ಮದರ್ಶಕ ಇಟ್ಟು ಕಳಸಿದ್ರ ಆಗ್ತಿದ್ದಿಲ್ಲೇನು?

ಸಾಧನಕೇರಿ_ಇರುಳು

ಹಾಗೆ ಕಳಿಸಿ ನೋಡಿದ್ದಾರೆ. 1976ರಲ್ಲಿ ವೈಕಿಂಗ್ ಮಂಗಳದ ಮೇಲೆ ಇಳಿದು ಜೀವದ ಪರೀಕ್ಷೆಯನ್ನೇ ಮಾಡಿತು. ಪೋಷಕ ದ್ರಾವಣ ಹಾಕಿದ ಮಣ್ಣಿನಿಂದ ಅನಿಲ ಬಂತು, ಒಂದು ಪರೀಕ್ಷೆ ‘ಹೌದು’ ಅಂತು. ಪಕ್ಕದ ಉಪಕರಣ ಇಂಗಾಲದ ಸಾವಯವ ವಸ್ತುವೇ ಕಾಣುವುದಿಲ್ಲ ಅಂತು. ಮಣ್ಣಿನಲ್ಲಿ ಪರ್‌ಕ್ಲೋರೇಟ್ (ಕಾಯಿಸಿದರೆ ಸಾವಯವ ವಸ್ತುವನ್ನು ಸುಟ್ಟುಹಾಕುವ ಲವಣ) ಇದೆ ಅನ್ನೋದು 2008ರಲ್ಲಿ ಫೀನಿಕ್ಸ್ ನೌಕೆ ಇಳಿದ ಮೇಲೆ ಗೊತ್ತಾಯಿತು. ಮಣ್ಣಿನ ರಸಾಯನ ತಿಳಿಯದೆ ಪರೀಕ್ಷೆ ಮಾಡಿದರೆ ಬಂದ ಉತ್ತರಕ್ಕೆ ಅರ್ಥ ಹಚ್ಚಲಿಕ್ಕೆ ಬರೋದಿಲ್ಲ. ಮೊದಲು ನೀರಿನ ಉಪ್ಪು, ಆಮ್ಲೀಯತೆ, ಹಿಮದ ದಪ್ಪ ಗೊತ್ತಾಗಲಿ ಅನ್ನೋದು ಜಿಪುಣತನ ಅಲ್ಲ.

ಸಪ್ತಾಪುರ_ರಸಾಯನ

ಮಾಸ್ತರರ ಕೊನೆಯ ಪ್ರಶ್ನೆಗೆ ನನ್ನ ಮತ ಎನ್ಸೆಲಡಸ್‌ಗೆ. ಅಲ್ಲಿ ಕೊರೆಯುವ ಅಗತ್ಯವೇ ಇಲ್ಲ, ಸಮುದ್ರ ತಾನೇ ಹೊರಗೆ ಚಿಮ್ಮುತ್ತಿದೆ. ಅಡ್ಡಳತೆ ಬರೀ 504 ಕಿ.ಮೀ. ದಕ್ಷಿಣ ಧ್ರುವದಲ್ಲಿ ತಲಾ 130 ಕಿ.ಮೀ. ಆಸುಪಾಸಿನ ನಾಲ್ಕು ಬಿರುಕು, ಅವುಗಳ ಉದ್ದಕ್ಕೂ ನೂರರಷ್ಟು ಕಾರಂಜಿ. ಗುರುತ್ವ ಎಷ್ಟು ಕಮ್ಮಿ ಅಂದರೆ ಸೆಕೆಂಡಿಗೆ 240 ಮೀಟರ್ ವೇಗ ಸಿಕ್ಕರೆ ಕಣ ವಾಪಸ್ ಬೀಳೋದಿಲ್ಲ. ಹೀಗೆ ಹೋದದ್ದೇ ಶನಿಯ ಇ-ಉಂಗುರ.

ಕ್ಯಾಸಿನಿ 2015ರ ಅಕ್ಟೋಬರ್ 28ರಂದು ಕಾರಂಜಿಯೊಳಗೆ, ಮೇಲ್ಮೈಯಿಂದ 49 ಕಿ.ಮೀ. ಎತ್ತರದಲ್ಲಿ ಹಾದುಹೋಯಿತು. 2017ರಲ್ಲಿ ಪ್ರಕಟವಾದ ಲೆಕ್ಕ: ಬಹುಪಾಲು ನೀರಿನ ಆವಿ, ಅದರ ಜೊತೆ ಹೈಡ್ರೋಜನ್ 0.4ರಿಂದ 1.4 ಶೇಕಡಾ, ಕಾರ್ಬನ್ ಡೈಆಕ್ಸೈಡ್ 0.3ರಿಂದ 0.8, ಮೀಥೇನ್ 0.1ರಿಂದ 0.3, ಅಮೋನಿಯ 0.4ರಿಂದ 1.3. ಹೈಡ್ರೋಜನ್ನಿನ ಅಳತೆ ಸುಲಭಕ್ಕೆ ಆಗಿದ್ದಲ್ಲ. ಮುಂಚಿನ ಹಾಯುವಿಕೆಗಳಲ್ಲಿ ಹಿಮಕಣ ಉಪಕರಣದ ಟೈಟಾನಿಯಂ ಗೋಡೆಗೆ ಬಡಿದು, ನೀರು ಟೈಟಾನಿಯಂ ಜೊತೆ ವರ್ತಿಸಿ, ಅಲ್ಲೇ ಹೈಡ್ರೋಜನ್ ಹುಟ್ಟುತ್ತಿತ್ತು. ಅದು ಸಮುದ್ರದ್ದೋ ಉಪಕರಣದ್ದೋ ತಿಳಿಯುತ್ತಿರಲಿಲ್ಲ. ಆ ದಿನ ಅನಿಲ ಗೋಡೆಗೆ ತಾಗದೆ ನೇರ ಒಳಗೆ ಬರುವ ವಿಧಾನದಲ್ಲಿ ಓಡಿಸಿದರು. ಜೀವಶೋಧದ ಅರ್ಧ ಕೆಲಸ ಹೀಗೆ ತನ್ನ ಉಪಕರಣದ ಮೇಲೆ ತಾನೇ ಅನುಮಾನ ಪಡೋದು.

ಹೈಡ್ರೋಜನ್ ಯಾಕೆ ಮುಖ್ಯ? ನಮ್ಮ ಸಮುದ್ರದ ತಳದಲ್ಲಿರುವ ಮೀಥೇನ್‌ಕಾರಿ ಸೂಕ್ಷ್ಮಜೀವಿಗಳು ಒಂದು ಅಣು ಕಾರ್ಬನ್ ಡೈಆಕ್ಸೈಡಿಗೆ ನಾಲ್ಕು ಅಣು ಹೈಡ್ರೋಜನ್ ಸೇರಿಸಿ ಒಂದು ಮೀಥೇನ್, ಎರಡು ನೀರು ಮಾಡಿ, ಆ ಶಕ್ತಿಯಲ್ಲಿ ಬದುಕುತ್ತವೆ. ಬಿಸಿಲು ಬೇಕಿಲ್ಲ. ಅದಲ್ಲದೆ ಕೆಲವೇ ನ್ಯಾನೊಮೀಟರ್ ಗಾತ್ರದ ಸಿಲಿಕಾ ಕಣಗಳು ಸಿಕ್ಕಿವೆ. ಅಂಥವು ಉಂಟಾಗಲು ತಳದಲ್ಲಿ ನೀರು ಬಂಡೆಯ ಜೊತೆ 90 ಡಿಗ್ರಿಗಿಂತ ಮೇಲಿನ ಬಿಸಿಯಲ್ಲಿ ವರ್ತಿಸಿರಬೇಕು. 2023ರಲ್ಲಿ ಹಿಮಕಣಗಳಲ್ಲಿ ಫಾಸ್ಫೇಟ್ ಕಂಡಿತು, ನಮ್ಮ ಸಮುದ್ರಕ್ಕಿಂತ ಕನಿಷ್ಠ ನೂರು ಪಟ್ಟು ಹೆಚ್ಚು. ರಂಜಕ ಇಲ್ಲದಿರಬಹುದು ಅಂತ ಅಲ್ಲಿಯವರೆಗೆ ಹಲವರು ಅನುಮಾನಿಸಿದ್ದರು.

ಈಗ ಎಚ್ಚರಿಕೆ. ಇದರಲ್ಲಿ ಒಂದೂ ಜೀವಕ್ಕೆ ಸಾಕ್ಷಿ ಅಲ್ಲ. ಕಬ್ಬಿಣ ಇರುವ ಬಂಡೆಗೆ ಬಿಸಿನೀರು ತಾಗಿದರೆ ಹೈಡ್ರೋಜನ್ ತಾನೇ ಬರುತ್ತದೆ, ಮೀಥೇನೂ ಬರಬಹುದು. ತಿರುವು ಹಾಕಿ ಯೋಚಿಸಿದರೆ, ತಿನ್ನುವವರು ತುಂಬ ಇದ್ದಿದ್ದರೆ ಅಷ್ಟು ಹೈಡ್ರೋಜನ್ ಉಳಿಯುತ್ತಿತ್ತೇ ಅನ್ನೋ ಪ್ರಶ್ನೆಯೂ ಇದೆ.

ಹಾಗಾದರೆ ಯಾವುದು ಸಾಕ್ಷಿ? ಒಂದಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಗುರುತು ಒಂದೇ ಮಾದರಿಯಲ್ಲಿ ಸಿಗಬೇಕು. ಅಮೈನೊ ಆಮ್ಲ ಎಡಗೈ, ಬಲಗೈ ಅಂತ ಎರಡು ರೂಪದಲ್ಲಿರುತ್ತದೆ. ಜೀವವಿಲ್ಲದ ರಸಾಯನ ಎರಡನ್ನೂ ಹೆಚ್ಚುಕಮ್ಮಿ ಸಮ ಮಾಡುತ್ತದೆ, ನಮ್ಮ ಜೀವಿಗಳ ಪ್ರೋಟೀನಿನಲ್ಲಿ ಎಡಗೈಯದೇ. ಅದರಲ್ಲೂ ಜೋಪಾನ: 1969ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿದ್ದ ಮರ್ಚಿಸನ್ ಉಲ್ಕೆಯ ಕೆಲವು ಅಮೈನೊ ಆಮ್ಲಗಳಲ್ಲಿಯೂ ಎಡಗೈ ಸ್ವಲ್ಪ ಹೆಚ್ಚಿದೆ. ಹೀಗಾಗಿ ಸ್ವಲ್ಪ ವಾಲಿದರೆ ಸಾಲದು, ಗಟ್ಟಿಯಾಗಿ ವಾಲಬೇಕು. ಎರಡನೆಯದು, ಗ್ಲೈಸೀನ್‌ಗೆ ಹೋಲಿಸಿದರೆ ದೊಡ್ಡ ಅಮೈನೊ ಆಮ್ಲಗಳು ಎಷ್ಟಿವೆ. ಜೀವವಿಲ್ಲದ ದಾರಿಯಲ್ಲಿ ಸರಳವಾದ ಗ್ಲೈಸೀನೇ ರಾಶಿ. ಮೂರನೆಯದು ಕೊಬ್ಬಿನ ಆಮ್ಲ: ಜೀವಕೋಶ ಅದನ್ನು ಎರಡೆರಡು ಇಂಗಾಲ ಜೋಡಿಸಿ ಕಟ್ಟುವುದರಿಂದ 16, 18 ಹೀಗೆ ಸಮಸಂಖ್ಯೆಯವು ಎದ್ದು ಕಾಣುತ್ತವೆ.

ಬ್ಯಾಡಗಿ_ಖಾರ

ಅಕ್ಕಾರ, ಕಾರಂಜಿಯೊಳಗ ಹತ್ತು ಸಲ ಹಾದ್ರ ಸಾಕಲ್ಲ ಮತ್ತ? ಇಳಿಯೋದು ಯಾಕ?

ಸಪ್ತಾಪುರ_ರಸಾಯನ

ಲೆಕ್ಕ ಹಾಕಿ ನೋಡೋಣ. ಸಮುದ್ರದಲ್ಲಿ ಮಿಲಿಲೀಟರಿಗೆ 100 ಜೀವಕೋಶ ಇವೆ ಅಂತ ಇಟ್ಟುಕೊಳ್ಳಿ. ಇದು ಬರೀ ಊಹೆ, ಲೆಕ್ಕಕ್ಕಾಗಿ. ಹಾರುತ್ತ ಹಿಡಿದ ಹಿಮ ಒಂದು ಮೈಕ್ರೋಗ್ರಾಂ ಆದರೆ ಅದರಲ್ಲಿ ಸಿಗುವುದು 0.0001 ಕೋಶ. ಒಂದು ಕೋಶಕ್ಕೆ ಹತ್ತು ಸಾವಿರ ಮೈಕ್ರೋಗ್ರಾಂ ಬೇಕು. ಕಾರಂಜಿಯಿಂದ ಹಿಮ ಉದುರುವ ಜಾಗದಲ್ಲಿ ಇಳಿದು ಕುಳಿತರೆ ಗ್ರಾಂಗಟ್ಟಲೆ ಕೆರೆದು ತೆಗೆಯಬಹುದು.

ವೇಗದ್ದು ಇನ್ನೊಂದು ಸಮಸ್ಯೆ. ಕಣ ಸೆಕೆಂಡಿಗೆ 4ರಿಂದ 6 ಕಿ.ಮೀ. ವೇಗದಲ್ಲಿ ಬಡಿದರೆ ದೊಡ್ಡ ಅಣುಗಳು ಬಹುಮಟ್ಟಿಗೆ ಉಳಿಯುತ್ತವೆ. ತೀರ ಜೋರಾದರೆ ಚೂರುಚೂರಾಗಿ, ಮೂಲ ಏನಿತ್ತು ಅಂತ ಹಿಂದಕ್ಕೆ ಕಟ್ಟಿಕೊಳ್ಳಬೇಕು. ಹಾಗಂತ ಜೋರು ಪೂರ್ತಿ ಕೆಟ್ಟದ್ದೂ ಅಲ್ಲ. 2008ರಲ್ಲಿ ಕ್ಯಾಸಿನಿ ಸುಮಾರು 18 ಕಿ.ಮೀ. ವೇಗದಲ್ಲಿ ಹಾದಾಗಿನ ತಾಜಾ ಕಣಗಳ ಮಾಹಿತಿಯನ್ನು ಮತ್ತೆ ಬಿಡಿಸಿ ನೋಡಿ 2025ರಲ್ಲಿ ಹೊಸ ಸಾವಯವ ಅಣುಗಳನ್ನು ಗುರುತಿಸಿದರು. ಆ ವೇಗದಲ್ಲಿ ನೀರಿನ ಅಣುಗಳು ಗುಂಪುಗೂಡಿ ಬೇರೆ ಸಂಕೇತಗಳನ್ನು ಮುಚ್ಚಿಹಾಕಲಿಲ್ಲ, ಅದೇ ಅನುಕೂಲವಾಯಿತು.

ವರದಾ_ದಂಡಿ

ಹಾವೇರಿಯಿಂದ. ಕೊರೆಯುವ ಲೆಕ್ಕ ನಾನು ಬಿಡಿಸ್ತೀನಿ. ಕೊರೆಯೋದಂದ್ರೆ ಇಲ್ಲಿ ಬಿಸಿ ಮೂತಿಯ ಶೋಧಕ ಹಿಮ ಕರಗಿಸುತ್ತ ಇಳಿಯೋದು. ಹುಡುಗರು ಇದನ್ನ ತಾವೇ ಮಾಡಬಹುದು, ಏಳನೇ ಇಯತ್ತೆ ಗಣಿತ ಸಾಕು.

ಯುರೋಪಾದ ಹಿಮದ ಮೇಲ್ಭಾಗ ಸುಮಾರು ಮೈನಸ್ 170 ಡಿಗ್ರಿ. ಒಂದು ಕಿಲೋ ಹಿಮವನ್ನ ಅಲ್ಲಿಂದ ಸೊನ್ನೆಗೆ ತರಲು ಸುಮಾರು 260 ಕಿಲೋಜೂಲ್. ಅಷ್ಟು ತಣ್ಣಗಿದ್ದಾಗ ಹಿಮದ ವಿಶಿಷ್ಟೋಷ್ಣ ಕಮ್ಮಿ, ಪುಸ್ತಕದ 2.1 ಹಾಕಬೇಡಿ, ಸರಾಸರಿ 1.5 ಹಾಕಿ. ಕರಗಿಸಲು 334. ಒಟ್ಟು 600 ಅಂತ ಹಿಡೀರಿ. 25 ಸೆಂ.ಮೀ. ಅಡ್ಡಳತೆಯ ತೂತು ಒಂದು ಕಿಲೋಮೀಟರ್ ಇಳಿದರೆ 49 ಘನಮೀಟರ್, ಸುಮಾರು 45 ಟನ್ ಹಿಮ. ಶಕ್ತಿ 27 ಗಿಗಾಜೂಲ್. 10 ಕಿಲೋವಾಟ್ ಶಾಖ ಇದ್ದರೆ 27 ಲಕ್ಷ ಸೆಕೆಂಡ್, ಅಂದರೆ 31 ದಿನ. ಇದು ಒಂದು ಹನಿ ಶಾಖವೂ ಪಕ್ಕಕ್ಕೆ ಸೋರದಿದ್ದರೆ. ಮೇಲಿನ ತಣ್ಣನೆ ಹಿಮದಲ್ಲಿ ಭಾಳ ಸೋರುತ್ತದೆ, ಕೆಳಗೆ ಹೋದಂತೆ ಹಿಮ ಬೆಚ್ಚಗಾಗಿ ಹಗುರಾಗುತ್ತದೆ. 20 ಕಿ.ಮೀ. ಚಿಪ್ಪಿಗೆ ಒಂದೂಮುಕ್ಕಾಲು ವರ್ಷಕ್ಕಿಂತ ಮೇಲೇ ಅನ್ನಿ.

10 ಕಿಲೋವಾಟ್ ಎಲ್ಲಿಂದ? ಪ್ಲುಟೋನಿಯಂ-238ರ ಒಂದು ಗಟ್ಟಿ 250 ವಾಟ್ ಶಾಖ ಕೊಡುತ್ತದೆ, ಅಂಥವು 40 ಬೇಕು. ಮಂಗಳದ ಕ್ಯೂರಿಯಾಸಿಟಿ ರೋವರಿನಲ್ಲಿ ಇರುವುದು 8. ಆ 8ರಿಂದ 2,000 ವಾಟ್ ಶಾಖ ಬಂದರೂ ವಿದ್ಯುತ್ ಆಗೋದು 110 ವಾಟ್ ಮಾತ್ರ. ಅದಕ್ಕೇ ಶಾಖವನ್ನು ವಿದ್ಯುತ್ ಮಾಡಿ ಮತ್ತೆ ಶಾಖ ಮಾಡೋ ದಡ್ಡತನ ಯಾರೂ ಮಾಡೋದಿಲ್ಲ, ನೇರ ಮೂತಿಗೆ ಹರಿಸುತ್ತಾರೆ. ದಾರಿಯಲ್ಲಿ ಎಂಟು ವರ್ಷ ಕಳೆದರೆ ಶಾಖ ಶೇಕಡಾ 6ರಷ್ಟು ಇಳಿಯುತ್ತದೆ, ಅದೇನು ದೊಡ್ಡದಲ್ಲ. ದೊಡ್ಡದೆಂದರೆ ಈ ಒಲೆಯನ್ನು ಆರಿಸಲು ಬರೋದಿಲ್ಲ. ಹೊರಡುವ ಮೊದಲೂ, ದಾರಿಯುದ್ದಕ್ಕೂ ಆ 10 ಕಿಲೋವಾಟ್‌ನ ಹೊರಗೆ ಚೆಲ್ಲುತ್ತಲೇ ಇರಬೇಕು.

ತಪ್ಪೋದು ಎಲ್ಲೆಲ್ಲಿ ಅಂತ ಕೇಳ್ರಿ.

ಶುರುವಿನಲ್ಲೇ. ಅಲ್ಲಿ ವಾತಾವರಣ ಇಲ್ಲ. ಒತ್ತಡ 611 ಪಾಸ್ಕಲ್‌ಗಿಂತ ಕಮ್ಮಿ ಇದ್ದಲ್ಲಿ ಹಿಮ ಕರಗೋದಿಲ್ಲ, ಸೀದಾ ಆವಿಯಾಗುತ್ತದೆ. ಆವಿ ಹಾರಿಹೋಗುತ್ತದೆ, ಮೂತಿಗೂ ಹಿಮಕ್ಕೂ ನಡುವೆ ಖಾಲಿ ಉಳಿಯುತ್ತದೆ, ಶಾಖ ದಾಟೋದಿಲ್ಲ. ಹೀಗಾಗಿ ಮೊದಲ ಕೆಲವು ಮೀಟರ್ ಕೊರೆಯುವ ಹಲ್ಲು ಬೇಕು, ಮೇಲೆ ತೂತು ಮುಚ್ಚಿಕೊಂಡು ಒತ್ತಡ ಏರಬೇಕು.

ನಡುವೆ. ಹಿಮದಲ್ಲಿರುವ ಉಪ್ಪು, ದೂಳು ಮೂತಿಯ ಕೆಳಗೆ ಕೂಡುತ್ತ ಹೋಗುತ್ತದೆ. ಎಷ್ಟು ಶಾಖ ಕೊಟ್ಟರೂ ಕಲ್ಲುದೂಳು ಕರಗೋದಿಲ್ಲ. ಬಿಸಿನೀರನ್ನು ಮುಂದಕ್ಕೆ ಚಿಮ್ಮಿಸಿ ದೂಳನ್ನು ಮೇಲಕ್ಕೆ ಎಬ್ಬಿಸಬೇಕು.

ಹಿಂದೆ. ಶೋಧಕ ಇಳಿದಂತೆ ಮೇಲಿನ ನೀರು ಹೆಪ್ಪುಗಟ್ಟಿ ತಂತಿಯನ್ನು ಕಚ್ಚುತ್ತದೆ. ಅದಕ್ಕೇ ತಂತಿಯ ಸುರುಳಿ ಶೋಧಕದೊಳಗೇ ಇರಬೇಕು, ಬಿಚ್ಚುತ್ತ ಇಳಿಯಬೇಕು. ಮೇಲಿಂದ ಬಿಡುವ ಹಗ್ಗ ಅಲ್ಲ. ಕಾರ್ಲ್ ಫಿಲ್ಬರ್ತ್ ಅನ್ನೋ ಜರ್ಮನ್ ವಿಜ್ಞಾನಿ ಗ್ರೀನ್‌ಲ್ಯಾಂಡಿನಲ್ಲಿ 1968ರಲ್ಲಿ ಇದೇ ವಿಧಾನದಿಂದ ಸಾವಿರ ಮೀಟರ್ ದಾಟಿಸಿದ್ದ. ಯುರೋಪಾದಲ್ಲಿ ಗುರುವಿನ ಸೆಳೆತಕ್ಕೆ ಹಿಮ ಜರುಗಿ ತಂತಿ ಹರಿಯಬಹುದು, ಅದಕ್ಕೆ ದಾರಿಯುದ್ದಕ್ಕೂ ಸಣ್ಣ ರೇಡಿಯೊ ಡಬ್ಬಿಗಳನ್ನು ಬಿಟ್ಟುಹೋಗುವ ಯೋಜನೆಯೂ ಇದೆ.

ಸಮುದ್ರ ಮುಟ್ಟಿದ ಮೇಲೆ ಒತ್ತಡ. ಯುರೋಪಾದಲ್ಲಿ 100 ಕಿ.ಮೀ. ಆಳಕ್ಕೆ ಸುಮಾರು 1,300 ಬಾರ್, ಅಂದರೆ ನಮ್ಮ ಮರಿಯಾನಾ ಕಂದಕಕ್ಕಿಂತ ತುಸು ಜಾಸ್ತಿ. ಎನ್ಸೆಲಡಸ್‌ನಲ್ಲಿ 40 ಕಿ.ಮೀ. ಆಳಕ್ಕೂ 45 ಬಾರ್ ಅಷ್ಟೆ. ಅಲ್ಲಿಯ ಗುರುತ್ವ ನಮ್ಮದರ ನೂರಕ್ಕೊಂದು ಪಾಲಿನಷ್ಟು.

ಉಣಕಲ್_ದಂಡಿ

> ಕೊರೆಯುವ ಲೆಕ್ಕ

ಇದಕ್ಕೆ ಶುಚಿತ್ವದ್ದೂ ಸೇರಿಸಬೇಕು. ನಮ್ಮ ಸೂಕ್ಷ್ಮಜೀವಿ ಅಲ್ಲಿಗೆ ಹೋದರೆ ಮುಂದೆ ಸಿಕ್ಕದ್ದು ಯಾರದು ಅಂತ ಗೊತ್ತಾಗೋದಿಲ್ಲ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಒಂದು ಯಾನದಿಂದ ಅಲ್ಲಿಯ ಸಮುದ್ರ ಕಲುಷಿತವಾಗುವ ಸಂಭವ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಮ್ಮಿ ಇರಬೇಕು. ಇಂಧನ ಮುಗಿಯುತ್ತ ಬಂದ ಗೆಲಿಲಿಯೊವನ್ನು 2003ರ ಸೆಪ್ಟೆಂಬರಿನಲ್ಲಿ ಗುರುವಿಗೆ, ಕ್ಯಾಸಿನಿಯನ್ನು 2017ರ ಸೆಪ್ಟೆಂಬರ್ 15ರಂದು ಶನಿಗೆ ಬೀಳಿಸಿದ್ದು ಇದೇ ಕಾರಣಕ್ಕೆ.

ಭೂಮಿಯ ಮೇಲೆ ಕಲಿತದ್ದು ಎರಡು ಉದಾಹರಣೆ. ಅಂಟಾರ್ಕ್ಟಿಕಾದ ವೊಸ್ತೋಕ್ ಸರೋವರಕ್ಕೆ ರಷ್ಯನ್ನರು 2012ರ ಫೆಬ್ರುವರಿಯಲ್ಲಿ 3,769 ಮೀಟರ್ ಕೊರೆದು ತಲುಪಿದರು. ತೂತು ಮುಚ್ಚದಿರಲು ಸೀಮೆಎಣ್ಣೆ ತುಂಬಿದ್ದರು. ಸರೋವರದ ನೀರು ಮೇಲೇರಿ ಅದರೊಳಗೇ ಹೆಪ್ಪುಗಟ್ಟಿತು, ಮಾದರಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಸರೋವರದ್ದೋ ಎಣ್ಣೆಯದೋ ಅನ್ನೋ ವಾದ ಎದ್ದಿತು. 2013ರ ಜನವರಿಯಲ್ಲಿ ಅಮೆರಿಕದವರು ವಿಲನ್ಸ್ ಸರೋವರಕ್ಕೆ 800 ಮೀಟರ್ ಹಿಮದ ಮೂಲಕ ಬಿಸಿನೀರಿನಿಂದ ತೂತು ಮಾಡಿದರು. ಆ ನೀರನ್ನು ಸೂಕ್ಷ್ಮವಾಗಿ ಸೋಸಿ, ನೇರಳಾತೀತ ಬೆಳಕು ಹಾಯಿಸಿ, ಉಪಕರಣಗಳನ್ನು ಹೈಡ್ರೋಜನ್ ಪೆರಾಕ್ಸೈಡಿನಿಂದ ಒರೆಸಿ ಇಳಿಸಿದರು. ಮಿಲಿಲೀಟರಿಗೆ ಲಕ್ಷಕ್ಕೂ ಮೇಲೆ ಜೀವಕೋಶ ಸಿಕ್ಕವು, ಆ ಲೆಕ್ಕವನ್ನು ಎಲ್ಲರೂ ಒಪ್ಪಿದರು. ತೊಳೆಯುವ ಕೆಲಸಕ್ಕೆ ಬೆಲೆ ಬರೋದು ಹೀಗೆ.

ಗದಗ_ಸಾಲಿಮಾಸ್ತರ

ಭಾಳ ಛಲೋ ಆತ್ರಿ ಎಲ್ಲಾರದೂ. ವರದಾ ಅವರ ಲೆಕ್ಕ ನೋಡಿ ಹುಡುಗ್ರು ಕರಗಿಸಿ ಇಳಿಯೋ ಮಾದರೀನ ಮಾಡ್ತೇವಿ ಅನ್ನಾಕತ್ತಾರ. ಸಾಮಾನು ಏನೇನು ಬೇಕು, ಯಾರರ ಹೇಳ್ರಿ. ಕರೆಂಟಿನ ಭಯ ಒಂದು ಅದ.

ಗೋಕುಲರೋಡ_ವೈರಿಂಗ್

ಮಾಸ್ತರ, ಮೊದಲ ಮಾತು: 230 ವೋಲ್ಟಿನ ನೀರು ಕಾಯಿಸೋ ಕಾಯಿಲ್ ಹತ್ರನೂ ತರಬ್ಯಾಡ್ರಿ. 12 ವೋಲ್ಟಿನಾಗ ಕೆಲಸ ಆಗ್ತದ.

ತ್ರೀಡಿ ಪ್ರಿಂಟರಿಗೆ ಹಾಕೋ ಕಾರ್ಟ್ರಿಡ್ಜ್ ಹೀಟರ್ ಸಿಗ್ತದ, 6 ಮಿ.ಮೀ. ದಪ್ಪ, 20 ಮಿ.ಮೀ. ಉದ್ದ, 12 ವೋಲ್ಟ್ 40 ವಾಟ್. 3.3 ಆಂಪಿಯರ್ ಎಳೀತದ, ಸಿಸಿಟಿವಿಗೆ ಹಾಕೋ 12 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಸಾಕು. ಲೇಥ್ ಅಂಗಡ್ಯಾಗ 22 ಮಿ.ಮೀ. ಅಡ್ಡಳತೆ, 40 ಮಿ.ಮೀ. ಉದ್ದದ ತಾಮ್ರದ ಅಥವಾ ಅಲ್ಯುಮಿನಿಯಂ ತುಂಡು ಕಡಿಸ್ರಿ. ಒಂದು ತುದಿ ಗುಂಡಗ ಮಾಡಸ್ರಿ, ಇನ್ನೊಂದು ತುದಿಯಿಂದ 6 ಮಿ.ಮೀ. ತೂತು ಆಳಕ್ಕ ಹೊಡಸ್ರಿ. ಹೀಟರ್ ಮೂತಿ ಕಡೆಗೇ ಕೂಡಬೇಕು, ಹಿಂದ ಉಳದ್ರ ಪೈಪು ಕಾಯ್ತದ. ಥರ್ಮಲ್ ಪೇಸ್ಟ್ ಹಚ್ಚಿ ಹೀಟರ್ ಕೂಡಸ್ರಿ, ಬಾಯಿಗೆ ಬಿಸಿ ತಡಕೊಳ್ಳೋ ಸಿಲಿಕಾನ್ ತುಂಬಿ ಒಂದು ದಿನ ಒಣಗಸ್ರಿ. ಅದರ ಹಿಂದ 20 ಮಿ.ಮೀ. ವೈರಿಂಗ್ ಪೈಪು 15 ಸೆಂ.ಮೀ. ಮೂತಿ ಪೈಪಿಗಿಂತ 2 ಮಿ.ಮೀ. ದಪ್ಪ ಇರಬೇಕು. ಎರಡೂ ಒಂದ ಅಳತಿ ಮಾಡಿದ್ರ ಪೈಪು ನಡುವ ಸಿಕ್ಕಿ ನಿಂದರ್ತದ, ಎಲ್ಲಾರೂ ಎಡವೋದು ಇಲ್ಲೇ.

ತೂಕ ನೋಡ್ಕೋರಿ. ಇಷ್ಟು ಗಾತ್ರ ಸುಮಾರು 60 ಮಿ.ಲೀ. ನೀರು ಸರಸ್ತದ, ಒಟ್ಟು ತೂಕ 60 ಗ್ರಾಂ ದಾಟಲಿಲ್ಲಂದ್ರ ತೇಲ್ತದ. ತಾಮ್ರದ ಮೂತಿ ಒಂದ 130 ಗ್ರಾಂ ಬರ್ತದ, ಚಿಂತಿಲ್ಲ. ಅಲ್ಯುಮಿನಿಯಂ ಆದ್ರ ಪೈಪಿನೊಳಗ ಸೈಕಲ್ ಬೇರಿಂಗಿನ ಗುಂಡು ತುಂಬ್ರಿ. ಮ್ಯಾಲಿಂದ ದಾರದಾಗ ತೂಗಹಾಕಿ, ರಾಟಿ ಮ್ಯಾಲ ಹಾಯಿಸಿ, ಆ ಕಡೆ ಸಣ್ಣ ತೂಕ ಕಟ್ರಿ. ಪೂರ್ತಿ ಭಾರ ಹಿಮದ ಮ್ಯಾಲ ಬಿಟ್ರ ಒಂದು ಕಡೆ ವಾಲಿ ಓರೆ ತೂತು ಮಾಡ್ತದ, ತೂಗಿದ್ರ ನೆಟ್ಟಗ ಇಳೀತದ.

ಬರ್ಫ ಮನಿ ಫ್ರಿಜ್ಜಿನದು ಬ್ಯಾಡ, ನಡುವ ಗುಳ್ಳಿ ತುಂಬಿ ಬೆಳ್ಳಗ ಆಗ್ತದ, ಒಳಗ ಏನೂ ಕಾಣಂಗಿಲ್ಲ. ಐಸ್ ಫ್ಯಾಕ್ಟರಿ ಗಡ್ಡಿಯಾಗ ಅಂಚಿನ ಭಾಗ ತಿಳಿ ಇರ್ತದ. 30 ಸೆಂ.ಮೀ. ಎತ್ತರ, 15ಕ್ಕ 15ರ ತುಂಡು ಕೇಳ್ರಿ, ಆರು ಕಿಲೋ ಚಿಲ್ಲರ ಆಗ್ತದ. ಗೋಣಿಚೀಲದಾಗ ಸುತ್ತಿ, ಭತ್ತದ ಹೊಟ್ಟು ತುಂಬಿ ಥರ್ಮೊಕೋಲ್ ಡಬ್ಬಿಯಾಗ ತರ್ರಿ.

ಗಾಜಿನ ಮೀನಿನ ತೊಟ್ಟಿಯೊಳಗ 5 ಸೆಂ.ಮೀ. ಉಪ್ಪುನೀರು, ಲೀಟರಿಗೆ 35 ಗ್ರಾಂ. ಎರಡು ಇಟ್ಟಿಗಿ ಇಟ್ಟು ಅದರ ಮ್ಯಾಲ ಗಡ್ಡಿ. ಶೋಧಕದ ಮೂತಿ ಹತ್ರ ಎರಡು ಸ್ಟೀಲ್ ಸ್ಕ್ರೂ ಹೊರಗ ಕಾಣಂಗ ಕೂಡಿಸಿ ಆರ್ಡುಯಿನೊ ಅನ್ನೋ ಸಣ್ಣ ಕಂಪ್ಯೂಟರ್ ಬೋರ್ಡಿಗೆ ಜೋಡಸ್ರಿ, ಒಂದು ಕಿಲೋಓಮ್ ರೆಸಿಸ್ಟರ್ ಹಾಕಿ. ಉಪ್ಪುನೀರಿಗೆ ಬಿದ್ದ ಕೂಡ್ಲೆ ವಾಹಕತ್ವ ಜಿಗೀತದ, ಎಲ್‌ಇಡಿ ಹತ್ತಿಸ್ರಿ. ಉಣಕಲ್ ಸರ್ ಹೇಳಿದ ಉಪ್ಪಿನ ಸಾಕ್ಷಿನೂ ಇದರಾಗ ಬಂದಂಗಾತು. ಸ್ಕ್ರೂಗೆ ಸತತ ಕರೆಂಟ್ ಬಿಡಬ್ಯಾಡ್ರಿ, ಗುಳ್ಳಿ ಎದ್ದು ತುಕ್ಕು ಹಿಡೀತದ. ಸೆಕೆಂಡಿಗೊಮ್ಮೆ ಕ್ಷಣಮಾತ್ರ ಕೊಟ್ಟು ಓದಸ್ರಿ.

ವರದಾ_ದಂಡಿ

ವೇಗ ಮೊದಲೇ ಲೆಕ್ಕ ಹಾಕಿಸ್ರಿ, ಆಮೇಲೆ ಗಡಿಯಾರ ಹಿಡಿದು ಹೋಲಿಸಲಿ. 22 ಮಿ.ಮೀ. ಮೂತಿಗೆ ಒಂದು ಸೆಂ.ಮೀ. ಇಳಿಯಲು 3.5 ಗ್ರಾಂ ಹಿಮ. ಮೈನಸ್ 18ರಲ್ಲಿದ್ದರೆ ಗ್ರಾಮಿಗೆ 372 ಜೂಲ್, ಅಂದರೆ ಸೆಂಟಿಮೀಟರಿಗೆ 1,300 ಜೂಲ್. 40 ವಾಟಿಗೆ 32 ಸೆಕೆಂಡ್. 30 ಸೆಂ.ಮೀ.ಗೆ 16 ನಿಮಿಷ. ಖರೇವಾಗಿ ಇದರ ಒಂದೂವರೆಯಿಂದ ಎರಡು ಪಟ್ಟು ಹಿಡಿದೀತು. ಲೆಕ್ಕಕ್ಕೂ ಗಡಿಯಾರಕ್ಕೂ ಇರುವ ಅಂತರವೇ ಪಕ್ಕಕ್ಕೆ ಸೋರಿದ ಶಾಖ, ಚಾರ್ಟಿನಲ್ಲಿ ಅದೇ ದೊಡ್ಡದಾಗಿ ಇರಲಿ.

ದೂಳಿನ ತೊಡಕು ತೋರಿಸಬೇಕಂದ್ರೆ ಗಡ್ಡೆಯನ್ನು ನಡುವೆ ಅಡ್ಡ ಕೊಯ್ದು, 2 ಮಿ.ಮೀ. ಸಣ್ಣ ಮರಳು ಹರವಿ, ನೀರು ಚಿಮುಕಿಸಿ ಮತ್ತೆ ಜೋಡಿಸಿ ರಾತ್ರಿ ಫ್ರೀಜರಿನಲ್ಲಿ ಇಡಿ. ಮೂತಿ ಅಲ್ಲಿಗೆ ಬಂದು ಕುಂಟುತ್ತದೆ. ಮೂತಿಯ ಪಕ್ಕಕ್ಕೆ ಸಲೈನ್ ನಳಿಕೆ ಕಟ್ಟಿ, ಸಿರಿಂಜಿನಿಂದ 20 ಮಿ.ಲೀ. ಬೆಚ್ಚನೆ ನೀರು ಒತ್ತಿದರೆ ಮರಳು ಎದ್ದು ದಾರಿ ಬಿಡುತ್ತದೆ.

ಬ್ಯಾಡಗಿ_ಖಾರ

ವೈರಿಂಗ್ ಅಣ್ಣಾರ, ಒಂದು ಸಂಶಯ. ನಮ್ಮ ಕಡೆ ಬೋರ್ ನೀರು ಮೊದಲ ಗಡಸು. ಅದರಿಂದ ಮಾಡಿದ ಬರ್ಫ ಕರಗಿದ್ರ ಆ ನೀರಿಗೂ ಎಲ್‌ಇಡಿ ಹತ್ತಂಗಿಲ್ಲೇನು? ಮತ್ತ ಫ್ರೀಜರಿಂದ ತಗದ ಗಡ್ಡಿ ಟಣ್ ಅಂತ ಬಿರಕ ಬಿಡ್ತದಲ್ಲ?

ಗೋಕುಲರೋಡ_ವೈರಿಂಗ್

ಹತ್ತಬಹುದ್ರಿ, ಅದಕ್ಕ ಮಿತಿ ನೀವ ಗೊತ್ತು ಮಾಡಬೇಕು. ಒಂದು ಬಟ್ಟಲದಾಗ ಅದ ಗಡ್ಡಿಯ ಕರಗಿದ ನೀರು, ಇನ್ನೊಂದರಾಗ ತೊಟ್ಟಿ ಉಪ್ಪುನೀರು ತಗೊಂಡು ಎರಡೂ ಓದಸ್ರಿ, ನಡುವಿನ ಅಂಕಿ ಹಾಕ್ರಿ. ಎರಡೂ ನೀರು ಬರ್ಫದಷ್ಟ ತಣ್ಣಗ ಇದ್ದಾಗ ಓದಬೇಕು, ಬೆಚ್ಚಗಾದ್ರ ವಾಹಕತ್ವ ಏರ್ತದ. ಗಡ್ಡಿಯ ಬೆಳ್ಳನ ನಡುಭಾಗದಾಗ ಉಪ್ಪು ಕೂಡಿರ್ತದ, ತಿಳಿ ಅಂಚಿನಾಗ ಕಮ್ಮಿ. ಹಿಂಗಾಗಿ ಅಂಚಿನ ಕಡೇನ ಇಳಸ್ರಿ.

ಬಿರುಕಿಗೆ: ಫ್ರೀಜರಿಂದ ತಗದ ಕೂಡ್ಲೆ ಹೀಟರ್ ಹಚ್ಚಬ್ಯಾಡ್ರಿ. ಗೋಣಿ ಸುತ್ತಿ, ಗಡ್ಡಿಯ ಮೈ ಹಸಿ ಆಗೋತನಕ ಬಿಡ್ರಿ, ಆಮ್ಯಾಲ ಮೂತಿ ತಾಗಿಸಿ ಕರೆಂಟ್ ಕೊಡ್ರಿ. ಮೂತಿ ಬರ್ಫಕ್ಕ ತಾಗದ ಗಾಳಿಯೊಳಗ ಇದ್ದಾಗ ಎಂದೂ ಹಚ್ಚಬ್ಯಾಡ್ರಿ, ಒಂದೆರಡು ನಿಮಿಷದಾಗ ಪೈಪು ಕರಗಿ ಸಿಲಿಕಾನ್ ಬಿಡ್ತದ. ಸಮುದ್ರಕ್ಕ ಬಿದ್ದ ಮ್ಯಾಲ ಎಲ್‌ಇಡಿ ಹತ್ತೋ ಅದ ಸಂಕೇತದಿಂದ ರಿಲೇ (ಕರೆಂಟಿನಿಂದ ತಾನ ಬಂದ್ ಆಗೋ ಸ್ವಿಚ್) ಹಾಕಿ ಹೀಟರ್ ಬಂದ್ ಆಗಂಗ ಮಾಡ್ರಿ. ಮತ್ತ ಇನ್ನೊಂದು ಹೀಟರ್ ತಯಾರ ಇಟ್ಕೊಂಡು ಹೋಗ್ರಿ.